ಬಿಟ್ಟಿ ಬಂದದ್ದಲ್ಲ, ಗೆದ್ದದ್ದು

ಕೇಳುಗರಿಗೆಲ್ಲ ನಮಸ್ಕಾರ.

ಡೊಂಬಿವಲಿಯ ನಮ್ಮ ಮನೆಯಲ್ಲಿ ದುಡ್ಡು ಕೊಟ್ಟು ತರದ ಸಾಮಾನು ಸ್ವಲ್ಪ ಜಾಸ್ತಿಯೇ ಇದೆ. ಒಂದು ಗೋಡೆ ಗಡಿಯಾರ, ಒಂದು ಇಡ್ಲಿ ಪಾತ್ರೆ, ಬಣ್ಣ ಬಣ್ಣದ ಕೊಡೆಗಳು, ಚಹಾ ಪುಡಿಯ ಹೆಸರು ಬರೆದ ಮಗ್ಗು. ಎಲ್ಲವೂ ಸ್ಪರ್ಧೆಗಳಲ್ಲಿ ಗೆದ್ದದ್ದು. ಬಂದವರು "ಬಿಟ್ಟಿ ಸಿಕ್ಕಿದ್ದಾ?" ಎಂದು ಕೇಳಿದರೆ ನನಗೆ ಒಳಗೊಳಗೇ ಸಿಟ್ಟು. ಆ ಇಡ್ಲಿ ಪಾತ್ರೆಗಾಗಿ ನಾನು ಎಷ್ಟು ತಲೆ ಕೆರೆದುಕೊಂಡಿದ್ದೇನೆ ಗೊತ್ತಾ? ದಾದರ್‌ನಲ್ಲಿ ಸ್ಲೋ ಲೋಕಲ್ ಹತ್ತಿದರೆ ನಿಂತುಕೊಂಡೇ ಬೆರಳಲ್ಲಿ ಪದ ಎಣಿಸುವುದು. ಕುರ್ಲಾ ಬರುವಷ್ಟರಲ್ಲಿ ಒಂದು ಪದ ಕಡಿಮೆ ಮಾಡುವುದು. ಠಾಣೆ ದಾಟಿದ ಮೇಲೆ ಆ ಪದವೇ ಚೆನ್ನಾಗಿತ್ತು ಅನ್ನಿಸಿ ಮತ್ತೆ ಸೇರಿಸುವುದು. ಒಟ್ಟು ಹತ್ತು ಪದ ಮೀರಬಾರದು, ಅದು ನಿಯಮ.

ಈ ಹತ್ತು ಪದದ ಸ್ಪರ್ಧೆ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿರುತ್ತದೆ. "ನನಗೆ ಈ ಸಾಬೂನು ಇಷ್ಟ, ಯಾಕೆಂದರೆ" ಎಂದು ಬರೆದು ಮುಂದೆ ಸಾಲು ಚುಕ್ಕಿ ಇಟ್ಟಿರುತ್ತಿದ್ದರು. ಚುಕ್ಕಿಗಳ ಜಾಗ ನಾವು ತುಂಬಬೇಕು. ಜೊತೆಗೆ ಖಾಲಿ ರ‍್ಯಾಪರ್ ಕಳಿಸಬೇಕು. ಸಾಬೂನಿನ ಬಗ್ಗೆ ಒಬ್ಬ ಮನುಷ್ಯ ಎಷ್ಟು ಪ್ರೀತಿ ತೋರಿಸಬಹುದು ಹೇಳಿ! ಆದರೂ ತೋರಿಸುತ್ತಿದ್ದೆವು. ಪ್ರಾಸ ಹಾಕುತ್ತಿದ್ದೆವು. ಅಮ್ಮನ ವಾತ್ಸಲ್ಯ, ಬೆಳದಿಂಗಳು, ಮಲ್ಲಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ.

ಸುಮ್ನೆ ಚೀಟಿ ಎತ್ತಿ ಬಹುಮಾನ ಕೊಡಬಹುದಿತ್ತಲ್ಲ, ಈ ವಾಕ್ಯದ ಗೋಜು ಯಾಕೆ? ಅದಕ್ಕೆ ಕಾರಣ ಉಂಟು. ಬರೀ ಅದೃಷ್ಟದ ಮೇಲೆ ನಿಂತರೆ ಅದು ಲಾಟರಿಯ ಸಾಲಿಗೆ ಸೇರುತ್ತದೆ. ಲಾಟರಿಗೆ ಸರಕಾರದ ಕಟ್ಟುಪಾಡು ಬಹಳ. ಬುದ್ಧಿ ಓಡಿಸಿ ಗೆಲ್ಲುವ ಆಟ ಬೇರೆ. ಈ ವ್ಯತ್ಯಾಸ ಸುಪ್ರೀಂ ಕೋರ್ಟಿನವರೆಗೆ ಹೋದ ಕತೆಯಲ್ಲಿ ನಮ್ಮ ಮುಂಬಯಿಯೂ ಇದೆ, ನಮ್ಮ ಬೆಂಗಳೂರೂ ಇದೆ.

1950ರ ಸುಮಾರಿಗೆ ಬೆಂಗಳೂರಿನಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು. ಆಗಿನ ಮುಂಬಯಿ ರಾಜ್ಯದಲ್ಲಿ ಅದಕ್ಕೆ ಓದುಗರು ಬಹಳ. ಓದುವುದಕ್ಕೆ ಅನ್ನುವುದಕ್ಕಿಂತ ಅದರಲ್ಲಿ ಬರುವ ಪದಬಂಧ ತುಂಬುವುದಕ್ಕೆ. ಪ್ರವೇಶ ಶುಲ್ಕ ಕಟ್ಟಬೇಕು, ಚೌಕ ತುಂಬಿ ಕಳಿಸಬೇಕು, ನಗದು ಬಹುಮಾನಕ್ಕೆ ಕಾಯಬೇಕು. ತೊಡಕು ಏನೆಂದರೆ, ಸಂಘಟಕರು ಮೊದಲೇ ತಯಾರು ಮಾಡಿಟ್ಟ ಉತ್ತರಕ್ಕೆ ನಮ್ಮ ಉತ್ತರ ಹೊಂದಬೇಕು. ಬೇರೆ ಪದವೂ ಅಷ್ಟೇ ಸರಿಯಾಗಿ ಕೂತರೂ ಪ್ರಯೋಜನವಿಲ್ಲ. ಮುಂಬಯಿ ಸರಕಾರ ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿತು. ಹೊರಗೆ ಅಚ್ಚಾಗಿ ಇಲ್ಲಿ ಹಂಚಿಕೆಯಾಗುವ ಪತ್ರಿಕೆಗಳ ಸ್ಪರ್ಧೆಯನ್ನೂ ಹಿಡಿತಕ್ಕೆ ತಂದು ತೆರಿಗೆ ಹಾಕಿತು. ಸ್ಪರ್ಧೆ ನಡೆಸುವವರು ಕೋರ್ಟಿಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಊಹೆಯ ಮೇಲೆ ನಡೆಯುವ ಸ್ಪರ್ಧೆ ಜೂಜು, ಜೂಜನ್ನು ವ್ಯಾಪಾರ ಎನ್ನುವುದಕ್ಕಾಗುವುದಿಲ್ಲ. ಗೆಲುವಿಗೆ ಮುಖ್ಯವಾಗಿ ಜಾಣತನವೇ ಬೇಕಾದ ಸ್ಪರ್ಧೆಯ ಮಾತು ಬೇರೆ. ಅಷ್ಟರಲ್ಲಿ ಕೇಂದ್ರ ಸರಕಾರವೂ 1955ರಲ್ಲಿ ಒಂದು ಕಾಯಿದೆ ತಂದಿತ್ತು. ಇಂಥ ಪದಬಂಧಗಳಿಗೆ ತಿಂಗಳಿಗೆ ಒಟ್ಟು 1000 ರೂಪಾಯಿಗಿಂತ ಹೆಚ್ಚು ಬಹುಮಾನ ಇಡುವ ಹಾಗಿಲ್ಲ, 2000ಕ್ಕಿಂತ ಹೆಚ್ಚು ಪ್ರವೇಶಪತ್ರ ತೆಗೆದುಕೊಳ್ಳುವ ಹಾಗಿಲ್ಲ.

ನ್ಯಾಯಮೂರ್ತಿಗಳು ಕಾನೂನಿನ ದಾರಿಯಲ್ಲಿ ಹೋಗಿ ಹೇಳಿದ್ದನ್ನೇ ನಾನು ಸಂತೋಷದ ದಾರಿಯಲ್ಲಿ ಹೋಗಿ ಹೇಳುತ್ತೇನೆ. ನನ್ನಿಂದ ಏನಾದರೂ ಮಾಡಿಸುವ ಸ್ಪರ್ಧೆಯೇ ಸ್ಪರ್ಧೆ. ಸೋತರೂ ಪರವಾಗಿಲ್ಲ, ಒಂದು ಒಳ್ಳೆಯ ವಾಕ್ಯವಾದರೂ ಹುಟ್ಟಿರುತ್ತದೆ.

ಮುಂಬಯಿಯಿಂದಲೇ ತಯಾರಾಗಿ ದೂರದರ್ಶನದಲ್ಲಿ ಬರುತ್ತಿದ್ದ 'ಸುರಭಿ' ನೆನಪಿದೆಯಾ? ಭಾನುವಾರದ ಕಾರ್ಯಕ್ರಮ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಒಂದು ಸಲವಂತೂ ಒಂದೇ ವಾರದಲ್ಲಿ 14 ಲಕ್ಷ ಪತ್ರ ಬಂದು ದಾಖಲೆಯಾಯಿತು. 15 ಪೈಸೆಯ ಕಾರ್ಡಿನಲ್ಲಿ ಇಷ್ಟು ಉತ್ತರ ಹೊತ್ತು ಅಂಚೆ ಇಲಾಖೆ ಸುಸ್ತಾಯಿತು. ಕೊನೆಗೆ ಸ್ಪರ್ಧೆಗಳಿಗೆಂದೇ ಬೇರೆ ಕಾರ್ಡು ಮಾಡಿ 2 ರೂಪಾಯಿ ಬೆಲೆ ಇಟ್ಟಿತು. ಆಮೇಲೆ ಅದು 10 ರೂಪಾಯಿಗೆ ಏರಿತು. ಮಾಮೂಲಿ ಕಾರ್ಡು ಮಾತ್ರ 50 ಪೈಸೆಯಲ್ಲೇ ನಿಂತಿತು. ಕ್ಷೇಮ ಸಮಾಚಾರಕ್ಕೆ ಸಬ್ಸಿಡಿ, ಬಹುಮಾನದ ಆಸೆಗೆ ಪೂರ್ತಿ ರೇಟು. ನ್ಯಾಯವೇ ಅನ್ನಿ.

ಇನ್ನೊಂದು ಸ್ಪರ್ಧೆಯ ಫಲ ನಿಮ್ಮ ಜೇಬಿನಲ್ಲಿದೆ. ರೂಪಾಯಿಗೆ ಒಂದು ಗುರುತು ಬೇಕು ಎಂದು ಹಣಕಾಸು ಸಚಿವಾಲಯ ದೇಶದ ಜನರನ್ನೇ ಕೇಳಿತ್ತು. 3000ಕ್ಕೂ ಹೆಚ್ಚು ವಿನ್ಯಾಸ ಬಂದವು. ಗೆದ್ದವರು ನಮ್ಮ ಪವಾಯಿಯ ಐಐಟಿಯಲ್ಲಿ ವಿನ್ಯಾಸ ಓದುತ್ತಿದ್ದ ಡಿ. ಉದಯಕುಮಾರ್. ದೇವನಾಗರಿಯ 'ರ' ಮತ್ತು ರೋಮನ್ ಲಿಪಿಯ 'ಆರ್' ಎರಡನ್ನೂ ಸೇರಿಸಿ, ತಲೆಯ ಮೇಲೆ ಎರಡು ಗೆರೆ ಎಳೆದರು. 2010ರ ಜುಲೈ 15ರಂದು ಸಂಪುಟ ಅದನ್ನು ಒಪ್ಪಿತು. ಬಹುಮಾನ ಎರಡೂವರೆ ಲಕ್ಷ ರೂಪಾಯಿ. ದಿನಾ ಇಷ್ಟು ಕೋಟಿ ಜನ ನೋಡುವ ಗುರುತಿಗೆ ಇದು ಅಗ್ಗವಾಯಿತು ಅಂತ ನನ್ನ ಅಭಿಪ್ರಾಯ.

ಹೀಗೆ ಜನರನ್ನು ಕೇಳುವುದರಲ್ಲಿ ಅಪಾಯವೂ ಇದೆ. 2016ರಲ್ಲಿ ಬ್ರಿಟನ್ನಿನ ಸಂಶೋಧನಾ ಮಂಡಳಿಯೊಂದು ಧ್ರುವ ಪ್ರದೇಶಕ್ಕೆ ಹೋಗುವ ಹೊಸ ಹಡಗಿಗೆ ಹೆಸರು ಸೂಚಿಸಿ ಎಂದು ಆನ್‌ಲೈನ್‌ನಲ್ಲಿ ಕೇಳಿತು. ಜನ ಅತಿ ಹೆಚ್ಚು ಮತ ಹಾಕಿದ್ದು 'ಬೋಟಿ ಮೆಕ್‌ಬೋಟ್‌ಫೇಸ್' ಎಂಬ ತಮಾಷೆ ಹೆಸರಿಗೆ. ದೊಡ್ಡ ಹಡಗಿಗೆ ಆ ಹೆಸರಿಡಲು ಅಧಿಕಾರಿಗಳಿಗೆ ಧೈರ್ಯ ಸಾಲಲಿಲ್ಲ. ಅದಕ್ಕೆ ಸರ್ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟರು. ಬೋಟಿ ಎಂಬ ಹೆಸರು ಹಡಗಿನ ಜೊತೆ ಹೋಗುವ ಪುಟ್ಟ ಹಳದಿ ಜಲಾಂತರ್ಗಾಮಿಗೆ ಹೋಯಿತು. ಎಲ್ಲರ ಮರ್ಯಾದೆಯೂ ಉಳಿಯಿತು.

ಈಗಿನ ಗಿವ್‌ಅವೇಗಳಿಗೆ ಬರೋಣ. ಲೈಕ್ ಒತ್ತಿ, ಫಾಲೋ ಮಾಡಿ, ಮೂರು ಜನ ಗೆಳೆಯರನ್ನು ಟ್ಯಾಗ್ ಮಾಡಿ, ಅದೃಷ್ಟವಿದ್ದರೆ ಒಂದು ಲಿಪ್‌ಸ್ಟಿಕ್. ನನ್ನ ಅತ್ತಿಗೆ ಇದರಲ್ಲಿ ನಿಪುಣೆ. ಕಲ್ಯಾಣದಿಂದ ಕುಂದಾಪುರದವರೆಗೆ ಇರುವ ನೆಂಟರನ್ನೆಲ್ಲ ಟ್ಯಾಗ್ ಮಾಡುತ್ತಾಳೆ. ತೊಂಬತ್ತು ದಾಟಿದ ನಮ್ಮ ದೊಡ್ಡಮ್ಮನಿಗೂ ಒಮ್ಮೆ ಗಡ್ಡದ ಎಣ್ಣೆಯ ಸ್ಪರ್ಧೆಗೆ ಕರೆ ಹೋಗಿತ್ತು. ನನಗೆ ಇದು ಸಪ್ಪೆ. ಇಲ್ಲಿ ನನ್ನ ಕೆಲಸ ಏನೂ ಇಲ್ಲ. ನನ್ನ ಪರಿಚಯದವರ ಹೆಸರನ್ನು ಅಂಗಡಿಯವರಿಗೆ ಕೊಡುವುದಷ್ಟೇ. ಫೋಟೋಗೆ ಒಂದು ಸಾಲು ಬರೆಯಿರಿ, ಅಜ್ಜಿಯ ಅಡುಗೆಯೊಂದನ್ನು ವಿವರಿಸಿ, ಈ ಹಳೆಯ ಉಪಕರಣ ಯಾವುದು ಹೇಳಿ, ಅಂದರೆ ಊಟ ಬಿಟ್ಟು ಕೂರುತ್ತೇನೆ.

ಮೋಸದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನೀವು ಭಾಗವಹಿಸದ ಸ್ಪರ್ಧೆಯಲ್ಲಿ ನಿಮಗೆ 25 ಲಕ್ಷ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಸಂದೇಶ ಬಂದರೆ ಅಳಿಸಿಬಿಡಿ. "ಮೊದಲು ತೆರಿಗೆ ಕಟ್ಟಿ" ಎನ್ನುತ್ತಾರೆ. ಜನ ನಂಬುವುದಕ್ಕೂ ಕಾರಣವಿದೆ, ಬಹುಮಾನಕ್ಕೆ ಶೇಕಡ 30 ತೆರಿಗೆ ಇರುವುದು ನಿಜ. ಆದರೆ 10,000 ದಾಟಿದ ನಗದು ಬಹುಮಾನವಾದರೆ ಕೊಡುವವರೇ ಅದನ್ನು ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಯಾರದೋ ಖಾತೆಗೆ ನೀವು ಮೊದಲು ದುಡ್ಡು ಹಾಕಬೇಕಾಗಿಲ್ಲ. ಹಾಕಿಬಿಟ್ಟಿದ್ದರೆ ನಾಚಿಕೆಪಡುತ್ತ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

ಸರಿ, ಇನ್ನು ನನ್ನ ಇನ್ನೊಂದು ಹುಚ್ಚು. ಸ್ಪರ್ಧೆ ಹುಡುಕುತ್ತ ಹೋದವಳಿಗೆ ದಾರಿಯಲ್ಲಿ ವಿಚಿತ್ರ ಸಾಮಾನು ಕಾಣಿಸತೊಡಗಿತು. ಹಿಂದೆ ಇದಕ್ಕೆ ಚೋರ್ ಬಜಾರಿಗೆ ಹೋಗಬೇಕಿತ್ತು. ಮಟನ್ ಸ್ಟ್ರೀಟಿನಲ್ಲಿ ಹಡಗಿನ ಲಾಂದ್ರ, ಗ್ರಾಮೊಫೋನಿನ ಹಿತ್ತಾಳೆ ಕೊಳವೆ, ಸಿನಿಮಾ ಪೋಸ್ಟರ್ ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಅದೇ ಸಂತೆ ಮೊಬೈಲಿನಲ್ಲೂ ಇದೆ. ಚೌಕಾಸಿಯ ಮಜಾ ಮಾತ್ರ ಇಲ್ಲ.

ಈ ಸಂತೆಯ ಕತೆಗಳು ಒಂದಕ್ಕಿಂತ ಒಂದು ಚಂದ. ಇಬೇ ಎಂಬ ಹರಾಜಿನ ತಾಣ 1995ರಲ್ಲಿ ಶುರುವಾದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಕೆಟ್ಟಿದೆ ಅಂತ ಗೊತ್ತಾ ಎಂದು ಕೇಳಿದರೆ, ಕೊಂಡವನು ತಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನು ಅಂದನಂತೆ. ಅವನ ಬಗ್ಗೆ ನನಗೆ ಬಹಳ ಗೌರವ.

ಅದಕ್ಕಿಂತ ನನಗೆ ಇಷ್ಟವಾದದ್ದು ಕೇಂಬ್ರಿಜ್‌ನ ಕಾಫಿ ಪಾತ್ರೆ. ಅಲ್ಲಿನ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ. ಮಹಡಿ ಇಳಿದು ಬಂದು ನೋಡಿದರೆ ಪಾತ್ರೆ ಖಾಲಿ. ಈ ಬೇಸರಕ್ಕೆ 1991ರಲ್ಲಿ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟು, ಕಾಫಿ ಇದೆಯೋ ಇಲ್ಲವೋ ಎಂದು ಕೂತಲ್ಲೇ ನೋಡುವ ಹಾಗೆ ಮಾಡಿಕೊಂಡರು. 1993ರಲ್ಲಿ ಅದನ್ನು ಇಂಟರ್ನೆಟ್ಟಿಗೂ ಬಿಟ್ಟರು. ಪ್ರಪಂಚದ ಮೂಲೆ ಮೂಲೆಯಿಂದ ಜನ ಆ ಪಾತ್ರೆಯನ್ನು ನೋಡತೊಡಗಿದರು. ಕುಡಿಯಲು ಒಂದು ಹನಿಯೂ ಸಿಗುವುದಿಲ್ಲ, ಆದರೂ ನೋಡುವುದು! 2001ರಲ್ಲಿ ಕ್ಯಾಮೆರಾ ಆರಿಸಿದಾಗ ಅದು ದೊಡ್ಡ ಸುದ್ದಿ. ಯಂತ್ರ ಅದೇ ಇಬೇಯಲ್ಲಿ ಹರಾಜಾಯಿತು. ಜರ್ಮನಿಯ 'ಡೇರ್ ಶ್ಪೀಗೆಲ್' ಪತ್ರಿಕೆಯವರು 3350 ಪೌಂಡಿಗೆ ಕೊಂಡರು. ಮಾಟುಂಗಾದ ನಮ್ಮ ಹೋಟೆಲುಗಳಲ್ಲಿ ಭಾನುವಾರ ಬೆಳಿಗ್ಗೆ ಸರತಿಯಲ್ಲಿ ನಿಂತಾಗ ನನಗೆ ಇದೇ ನೆನಪಾಗುತ್ತದೆ. ಯಾವ ಟೇಬಲ್ ಖಾಲಿ ಎಂದು ತೋರಿಸುವ ಒಂದು ಕ್ಯಾಮೆರಾ ಇದ್ದಿದ್ದರೆ.

ನಾನು ಮಾತ್ರ ಇಂಥ ದುಬಾರಿ ವಸ್ತುಗಳ ಹಿಂದೆ ಹೋಗುವುದಿಲ್ಲ. ನನ್ನದು ಬೆಂಕಿಪೊಟ್ಟಣದ ಲೇಬಲ್ಲು. ನಗಬೇಡಿ. ಈ ಊರಿಗೂ ಬೆಂಕಿಪೊಟ್ಟಣಕ್ಕೂ ಹಳೆಯ ನಂಟು. ಸ್ವೀಡನ್ನಿನ ಕಂಪನಿಯೊಂದು 1923ರಲ್ಲಿ ಇಲ್ಲಿ ವಿಮ್ಕೊ ಎಂಬ ಬೆಂಕಿಪೊಟ್ಟಣದ ಕಂಪನಿ ಶುರುಮಾಡಿತು. ನಮ್ಮ ಲೈನಿನಲ್ಲೇ, ಕಲ್ಯಾಣದಿಂದ ಮುಂದೆ ಅಂಬರನಾಥದಲ್ಲಿ ಅದರ ಕಾರ್ಖಾನೆ ಇತ್ತು. ಶಿಪ್ ಎಂಬ ಹಡಗಿನ ಚಿತ್ರದ ಪೊಟ್ಟಣ ಅವರದೇ. ಇವತ್ತೂ ಅಂಬರನಾಥದಲ್ಲಿ ರಿಕ್ಷಾದವರಿಗೆ 'ವಿಮ್ಕೊ ನಾಕಾ' ಅಂದರೆ ಸಾಕು. ಅದಕ್ಕೂ ಹಿಂದೆ ಪೊಟ್ಟಣ ಹೊರದೇಶದಿಂದಲೇ ಬರುತ್ತಿತ್ತು. ಜಪಾನಿನಲ್ಲಿ ತಯಾರಾಗಿ ಬಂದವುಗಳ ಮೇಲೆ ನಮ್ಮ ದೇವರುಗಳ ಚಿತ್ರ. ಆ ಕೃಷ್ಣನ ಕಣ್ಣು ನೋಡಬೇಕು ನೀವು, ಅಪ್ಪಟ ಜಪಾನಿ ಕೃಷ್ಣ!

ಮುಂದೆ ಶಿವಕಾಶಿಯ ಕಡೆಯ ಸಣ್ಣ ಸಣ್ಣ ಘಟಕಗಳು ಬಂದವು. ಒಂದು ಚಿತ್ರ ಚೆನ್ನಾಗಿ ಓಡಿತು ಅಂದರೆ ಸಾಕು, ಅದರ ನಕಲು ನೂರು. ಹುಲಿ ಓಡಿದರೆ ಎರಡು ಹುಲಿ, ಎರಡು ಹುಲಿ ಓಡಿದರೆ ಹುಲಿಯ ಜೊತೆ ಕಮಲ. ಪೊಟ್ಟಣದ ಬೆಲೆ 14 ವರ್ಷ ಒಂದೇ ರೂಪಾಯಿ ಇದ್ದು, 2021ರ ಡಿಸೆಂಬರಿನಲ್ಲಿ ಎರಡಾಯಿತು. ಇಷ್ಟು ಅಗ್ಗದ ವಸ್ತುವಿಗೆ ಯಾರೋ ಕೂತು ಚಿತ್ರ ಬರೆದು, ಬಣ್ಣ ಹಾಕಿ, ಹೆಸರಿಟ್ಟಿದ್ದಾರಲ್ಲ ಎಂಬುದೇ ನನಗೆ ಬೆರಗು. ಈ ಲೇಬಲ್ಲುಗಳ ವ್ಯವಹಾರ ಹೆಚ್ಚಾಗಿ ವಿನಿಮಯ. ನನ್ನ ಹತ್ತಿರ ಜೋಡಿ ಇದ್ದದ್ದನ್ನು ಫೋಟೋ ತೆಗೆದು ಹಾಕುತ್ತೇನೆ. ಪುಣೆಯ ಒಬ್ಬರು ತಮ್ಮ ಹತ್ತಿರ ಇರುವುದನ್ನು ತೋರಿಸುತ್ತಾರೆ. ಅಂಚೆಯಲ್ಲಿ ಲಕೋಟೆ ಬರುತ್ತದೆ. ನಮ್ಮ ಯಜಮಾನರು "ಕಸ ಕಳಿಸಿ ಕಸ ತರಿಸಿಕೊಳ್ಳುವುದಕ್ಕೂ ಸ್ಟಾಂಪು ಬೇಕಾ?" ಅನ್ನುತ್ತಾರೆ. ರದ್ದಿ ಅಂಗಡಿಗೆ ಪೇಪರ್ ಕೊಡುವಾಗ ಲಕೋಟೆಗಳನ್ನು ಮಾತ್ರ ಬೇರೆ ತೆಗೆದಿಡುತ್ತಾರೆ, ಪಾಪ.

ಕಳೆದ ಸಲ ಬಂದ ಲಕೋಟೆಯಲ್ಲಿ ಒಂದು ಲೇಬಲ್ಲಿನ ಕೆಳಗಿನ ಭಾಗ ಹರಿದಿತ್ತು. ಹೆಸರಿರುವ ಜಾಗವೇ ಇಲ್ಲ. ಚಿತ್ರ ಪೂರ್ತಿ ಇದೆ. ಒಂದು ಹುಲಿ ಹಿಂಗಾಲಲ್ಲಿ ನಿಂತು ಕೊಡೆ ಹಿಡಿದಿದೆ. ನಮ್ಮ ಕನ್ನಡ ಸಂಘದ ಹಳದಿ ಕುಂಕುಮದ ದಿನ ಅದನ್ನೇ ಸ್ಪರ್ಧೆಗೆ ಇಟ್ಟೆ. ಈ ಬ್ರಾಂಡಿಗೆ ಹೆಸರಿಡಿ, ಮೂರು ಪದದೊಳಗೆ. ಟ್ಯಾಗ್ ಇಲ್ಲ, ಲೈಕ್ ಇಲ್ಲ, ಒಂದು ಚೀಟಿ, ಒಂದು ಪೆನ್ನು. ಬಹುಮಾನ ಒಂದು ಬಂಡಲ್ ಬೆಂಕಿಪೊಟ್ಟಣ. ಗ್ಯಾಸ್ ಲೈಟರ್ ಇರುವ ಕಾಲದಲ್ಲಿ ಅದಕ್ಕಾಗಿ ಎಂಥ ಪೈಪೋಟಿ ಅಂತೀರಿ! ವಡೆ ತಣ್ಣಗಾದರೂ ಯಾರೂ ಏಳಲಿಲ್ಲ. "ಹುಲಿರಾಯನ ಮಳೆಗಾಲ" ಎಂದು ಒಬ್ಬರು. "ನೆನೆಯದ ಹುಲಿ" ಎಂದು ಇನ್ನೊಬ್ಬರು, ಒದ್ದೆಯಾಗದ ಕಡ್ಡಿ ಎಂಬ ಅರ್ಥವೂ ಬಂತು ನೋಡಿ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೇ ಪದ ಬರೆದಿದ್ದಳು: "ಜುಲೈ".

ತೀರ್ಪುಗಾರರು ಮೂವರು. ಒಬ್ಬರು ಹುಲಿರಾಯನ ಕಡೆ, ಒಬ್ಬರು ನೆನೆಯದ ಹುಲಿಯ ಕಡೆ. ನನ್ನ ವೋಟು ಜುಲೈಗೆ. ಬಂಡಲ್ ಸದ್ಯಕ್ಕೆ ಸಂಘದ ಕಪಾಟಿನಲ್ಲಿದೆ, ಮುಂದಿನ ಸಭೆಯಲ್ಲಿ ಮತ್ತೆ ಜಗಳ ಇದೆ.

ನಮಸ್ಕಾರ.