ಸ್ಟೆಫಿಯ ಕಾಲ್ಚಳಕ

ಕೇಳುಗರೇ, ನಮಸ್ಕಾರ.

1999ರ ಜೂನ್ 5, ಶನಿವಾರ. ಧಾರವಾಡದಲ್ಲಿ ರೋಹಿಣಿ ಮಳೆಯ ದಿನಗಳು. ಮಾಳಮಡ್ಡಿಯ ನಮ್ಮ ಮನೆಯಲ್ಲಿ ನಾನು, ನಮ್ಮವ್ವ ಟಿ.ವಿ. ಮುಂದೆ ಕುಳಿತಿದ್ದೆವು. ಪ್ಯಾರಿಸ್‌ನಲ್ಲಿ ಫ್ರೆಂಚ್ ಓಪನ್ ಟೆನಿಸ್ ಫೈನಲ್. ಒಂದು ಕಡೆ 18ರ ಮಾರ್ಟಿನಾ ಹಿಂಗಿಸ್, ಆಗಿನ ನಂಬರ್ ಒನ್. ಇನ್ನೊಂದು ಕಡೆ ಜರ್ಮನಿಯ ಸ್ಟೆಫಿ ಗ್ರಾಫ್. 30 ತುಂಬಲು ಒಂಬತ್ತೇ ದಿನ ಬಾಕಿ. ಮೊಣಕಾಲಿನ ಶಸ್ತ್ರಚಿಕಿತ್ಸೆ ಬೇರೆ ಆಗಿತ್ತು. ದೊಡ್ಡ ಪ್ರಶಸ್ತಿ ಕೈಗೆ ಸಿಕ್ಕು ಮೂರು ವರ್ಷ ಆಗುತ್ತಾ ಬಂದಿತ್ತು.

ಅವ್ವನಿಗೆ ಟೆನಿಸ್ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಅಂದಳು: "ಆಕೀ ಕಾಲ ನೋಡ, ಒಂದ್ ಕಡೆ ನಿಲ್ಲಂಗಿಲ್ಲ. ಖೋಖೋ ಆಡೋ ಹುಡುಗಿ ಇದ್ದಂಗ ಅದಾಳ."

ನಾನು ಶಾಲೆಯಲ್ಲಿ ಪಿ.ಟಿ. ಟೀಚರ್. ಆ ಮಾತು ನನಗೆ ನಾಟಿತು. ಎಲ್ಲರೂ ಸ್ಟೆಫಿಯ ಫೋರ್‌ಹ್ಯಾಂಡ್, ಅಂದರೆ ಬಲಗಡೆಯ ಹೊಡೆತವನ್ನು ಹೊಗಳುತ್ತಾರೆ. ಆದರೆ ಆ ಹೊಡೆತ ಹುಟ್ಟುತ್ತಿದ್ದದ್ದು ಕಾಲಲ್ಲಿ. ಚೆಂಡು ಎಡಕ್ಕೆ ಬಂದರೂ ಸಣ್ಣ ಸಣ್ಣ ಹೆಜ್ಜೆ ಹಾಕಿ, ಅದನ್ನು ಸುತ್ತಿ ಬಂದು ಫೋರ್‌ಹ್ಯಾಂಡ್‌ನಿಂದಲೇ ಬಾರಿಸುತ್ತಿದ್ದರು. ಸುತ್ತಿ ಬರಲು ಆಗದಿದ್ದರೆ ಬ್ಯಾಕ್‌ಹ್ಯಾಂಡ್ ಸ್ಲೈಸ್, ಅಂದರೆ ಎಡಗಡೆಯಿಂದ ಚೆಂಡಿನ ಅಡಿಯನ್ನು ಕೊಯ್ದಂತೆ ಹೊಡೆಯುವುದು. ಆ ಚೆಂಡು ಪುಟಿಯುವುದೇ ಕಡಿಮೆ, ಎದುರಾಳಿ ಮೊಣಕಾಲು ಬಗ್ಗಿಸಲೇಬೇಕು. ಪ್ಯಾರಿಸ್‌ನ ಅಂಕಣ ನಮ್ಮ ಮಸಾರಿ ನೆಲದ ಹಾಗೆ ಕೆಂಪು. ಆದರೆ ಅದು ಮಣ್ಣಲ್ಲ, ಇಟ್ಟಿಗೆ ಪುಡಿ. ಅಲ್ಲಿ ಜಾರುತ್ತಲೇ ಚೆಂಡು ಮುಟ್ಟಬೇಕು.

ಅಂದು ಮೊದಲ ಸೆಟ್ ಹಿಂಗಿಸ್‌ಗೆ, 6-4. ಎರಡನೇ ಸೆಟ್ಟಿನಲ್ಲಿ ಒಂದು ಚೆಂಡಿನ ಗುರುತು ನೋಡಲು ಅವರು ನೆಟ್ ದಾಟಿ ಸ್ಟೆಫಿಯ ಕಡೆಗೇ ಹೋದರು. ಪಾಯಿಂಟ್ ದಂಡ ಬಿತ್ತು, ಪ್ರೇಕ್ಷಕರು ತಿರುಗಿಬಿದ್ದರು. ಆದರೂ ಒಂದು ಹಂತದಲ್ಲಿ ಇನ್ನು ಮೂರೇ ಪಾಯಿಂಟ್ ಗೆದ್ದಿದ್ದರೆ ಪ್ರಶಸ್ತಿ ಹಿಂಗಿಸ್‌ದೇ. ಸ್ಟೆಫಿ ಬಿಡಲಿಲ್ಲ. 7-5, 6-2. ಹಿಂಗಿಸ್ ಅಳುತ್ತಾ ಒಳಗೆ ಹೋದರು. "ಪಾಪ, ಕೂಸು. ನೋಡ, ಅವ್ವ ಕರ್ಕೊಂಡ್ ಬಂದ್ಲು," ಅಂದಳು ನಮ್ಮವ್ವ. ನಿಜ, ತಾಯಿಯೇ ಮಗಳ ಹೆಗಲು ಹಿಡಿದು ಬಹುಮಾನಕ್ಕೆ ಕರೆತಂದಿದ್ದರು.

ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಿಗೆ ಗ್ರ್ಯಾಂಡ್‌ಸ್ಲಾಮ್ ಅನ್ನುತ್ತಾರೆ. ಅಂದಿನದು ಸ್ಟೆಫಿಯ 22ನೇ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ, ಕೊನೆಯದು. ಆಗಸ್ಟ್‌ನಲ್ಲಿ ನಿವೃತ್ತಿ ಹೇಳಿದರು. ಒಟ್ಟು 377 ವಾರ ನಂಬರ್ ಒನ್ ಆಗಿದ್ದವರು. 1988ರಲ್ಲಂತೂ, 19ರ ವಯಸ್ಸಿಗೆ, ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಜೊತೆಗೆ ಸೋಲ್ ಒಲಿಂಪಿಕ್ಸ್ ಚಿನ್ನ. ಆ ವರ್ಷ ಪ್ಯಾರಿಸ್ ಫೈನಲ್‌ನಲ್ಲಿ ನತಾಶಾ ಜ್ವೆರೇವಾಗೆ ಒಂದು ಗೇಮ್ ಕೂಡ ಕೊಡಲಿಲ್ಲ.

ಈ ಲೆಕ್ಕ ಹೇಳುವಾಗ ಮೋನಿಕಾ ಸೆಲೆಸ್ ಹೆಸರು ಬಿಡಬಾರದು ಅಂತ ನನಗನ್ನಿಸುತ್ತದೆ. 1993ರ ಏಪ್ರಿಲ್ 30, ಹ್ಯಾಂಬರ್ಗ್. 19ರ ಸೆಲೆಸ್ ಆಗ ನಂಬರ್ ಒನ್. ಸ್ಟೆಫಿಯೇ ಮೇಲಿರಬೇಕೆಂಬ ಹುಚ್ಚಿನ ಅಭಿಮಾನಿಯೊಬ್ಬ ಅಂಕಣದಲ್ಲೇ ಸೆಲೆಸ್ ಬೆನ್ನಿಗೆ ಚಾಕು ಹಾಕಿದ. ಎರಡು ವರ್ಷಕ್ಕೂ ಜಾಸ್ತಿ ಅವರು ಆಡಲಿಲ್ಲ. ಸ್ಟೆಫಿಯ ತಪ್ಪು ಏನೂ ಇಲ್ಲ. ಆದರೂ ಸೆಲೆಸ್ ಕಳೆದುಕೊಂಡ ವರ್ಷಗಳು ನೆನಪಾದರೆ ಸಂಕಟವಾಗುತ್ತದೆ.

ನಾಳೆ ಬೆಳಿಗ್ಗೆ ಆರಕ್ಕೆ ನಮ್ಮ ಹುಡುಗಿಯರು ಮೈದಾನಕ್ಕೆ ಬರುತ್ತಾರೆ. ರ‍್ಯಾಕೆಟ್ ಚೀಲದಲ್ಲೇ ಇರುತ್ತದೆ. ಮೊದಲ 20 ನಿಮಿಷ ಸುಣ್ಣದ ಗೆರೆ ಸುತ್ತ ಸಣ್ಣ ಹೆಜ್ಜೆಯ ಓಟ.

ನಮಸ್ಕಾರ.