ಫಿಲ್ಲಿಂಗ್ ಸಾಲದ, ಕ್ಯಾಪ್ ಬೇಡದ ದವಡೆ ಹಲ್ಲು

ಆತ್ಮೀಯ ಕೇಳುಗರೇ, ನಮಸ್ಕಾರ.

ದವಡೆ ಹಲ್ಲು ಹುಳುಕಾದಾಗ ಹೆಚ್ಚಿನವರಿಗೆ ತಿಳಿದಿರುವ ದುರಸ್ತಿಗಳು ಎರಡೇ: ಕುಳಿ ಚಿಕ್ಕದಾದರೆ ಫಿಲ್ಲಿಂಗ್, ದೊಡ್ಡದಾದರೆ ಕ್ಯಾಪ್. ಫಿಲ್ಲಿಂಗ್ ಮಾಡಿದರೆ ನಿಲ್ಲದ, ಆದರೆ ಕ್ಯಾಪ್ ಹಾಕುವಷ್ಟು ಕೆಟ್ಟಿಲ್ಲದ ಹಲ್ಲುಗಳೂ ಇವೆ, ಅವು ಅಪರೂಪವೇನಲ್ಲ. ಅಂಥ ಹಲ್ಲುಗಳಿಗೆ ಒದಗುವ ಇನ್ಲೇ ಮತ್ತು ಆನ್ಲೇ ಎಂಬ ಚಿಕಿತ್ಸೆಗಳ ವಿಷಯವನ್ನು ಇಂದು ಹೇಳಬೇಕೆಂದಿದ್ದೇನೆ.

ದವಡೆ ಹಲ್ಲಿನ ಮೇಲೆ ನಾಲಗೆಯಾಡಿಸಿದರೆ ನಾಲ್ಕೈದು ದಿಬ್ಬಗಳು, ಅವುಗಳ ನಡುವೆ ತಗ್ಗುಗಳು ತಿಳಿಯುತ್ತವೆ. ಹಿಂದಿನ ಮತ್ತು ಮುಂದಿನ ಹಲ್ಲುಗಳಿಗೆ ತಾಗುವ ಎರಡು ಬದಿಗಳಲ್ಲಿ ಈ ದಿಬ್ಬಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಏಣುಗಳಿವೆ. ಅಗಿಯುವ ಭಾರಕ್ಕೆ ದಿಬ್ಬಗಳು ಹೊರಕ್ಕೆ ಬಾಗದಂತೆ ತಡೆಯುವುದರಲ್ಲಿ ಈ ಏಣುಗಳ ಪಾತ್ರ ದೊಡ್ಡದು. ಹುಳುಕು ಎರಡು ಹಲ್ಲುಗಳ ಸಂದಿಯಲ್ಲಿ ಹುಟ್ಟಿದಾಗ, ಅದನ್ನು ತೆಗೆಯುವ ಭರದಲ್ಲಿ ಮೊದಲು ಬಲಿಯಾಗುವುದೂ ಇವೇ. ಕಿತ್ತ ಹಲ್ಲುಗಳ ಮೇಲೆ ನಡೆಸಿ 1989ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹಲ್ಲಿನೊಳಗಿನ ನರ ತೆಗೆಯುವ ರೂಟ್ ಕೆನಾಲ್ ಚಿಕಿತ್ಸೆಗಾಗಿ ಕೊರೆದ ರಂಧ್ರದಿಂದ ಹಲ್ಲಿನ ಬಿಗಿತ ಕುಗ್ಗಿದ್ದು ಶೇಕಡಾ 5ರಷ್ಟು ಮಾತ್ರ; ಎರಡೂ ಬದಿಯ ಏಣುಗಳನ್ನು ಕಡಿದು ಕುಳಿ ಮಾಡಿದಾಗ ಕುಗ್ಗಿದ್ದು ಶೇಕಡಾ 63ರಷ್ಟು. ನರ ತೆಗೆದ ಹಲ್ಲು ಒಣಗಿ ಪುಡಿಯಾಗುತ್ತದೆ ಎಂದು ಜನ ಹೇಳುವುದುಂಟು. ಹಲ್ಲು ಒಡೆಯುವುದಕ್ಕೆ ಮುಖ್ಯ ಕಾರಣ ಕಳೆದುಹೋದ ನರವಲ್ಲ, ಕಳೆದುಹೋದ ಗೋಡೆ.

ಇಂಥ ದೊಡ್ಡ ಕುಳಿಯನ್ನು ಹಲ್ಲಿನ ಬಣ್ಣದ ಕಾಂಪೋಸಿಟ್‌ನಿಂದ ಬಾಯಿಯೊಳಗೇ ತುಂಬಲು ಹೊರಟರೆ ಎರಡು ತೊಡಕುಗಳು ಎದುರಾಗುತ್ತವೆ. ಬೆಳಕು ಹಾಯಿಸಿ ಗಟ್ಟಿಗೊಳಿಸುವಾಗ ಕಾಂಪೋಸಿಟ್ ಸಾಮಾನ್ಯವಾಗಿ ಶೇಕಡಾ 2ರಿಂದ 3ರಷ್ಟು ಕುಗ್ಗುತ್ತದೆ. ಕುಳಿ ದೊಡ್ಡದಾದಷ್ಟೂ ಆ ಕುಗ್ಗುವಿಕೆ ತೆಳುವಾದ ಗೋಡೆಗಳನ್ನು ಒಳಕ್ಕೆ ಜಗ್ಗುತ್ತದೆ, ಇಲ್ಲವೇ ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಿಸುತ್ತದೆ. ಇನ್ನೊಂದು, ಪಕ್ಕದ ಹಲ್ಲಿಗೆ ಬಿಗಿಯಾಗಿ ತಾಗುವ ಬದಿಯನ್ನು ಜೊಲ್ಲು, ನಾಲಗೆ, ಕೆನ್ನೆಗಳ ನಡುವೆ ರೂಪಿಸುವುದು ಬಹಳ ಕಷ್ಟ. ಆ ತಾಗು ಸಡಿಲವಾದರೆ ಪ್ರತಿ ಊಟದಲ್ಲೂ ಸಂದಿಯಲ್ಲಿ ಅನ್ನಾಹಾರ ಸಿಕ್ಕಿಕೊಳ್ಳುತ್ತದೆ, ವಸಡು ಬಾಯುತ್ತದೆ. ಈ ಕೆಲಸವನ್ನು ಬಾಯಿಯ ಹೊರಗೆ, ಪ್ರಯೋಗಾಲಯದಲ್ಲಿಯೋ ಯಂತ್ರದಲ್ಲಿಯೋ ಮಾಡಿ, ಸಿದ್ಧವಾದ ತುಣುಕನ್ನು ತಂದು ಅಂಟಿಸುವುದೇ ಇನ್ಲೇ ಮತ್ತು ಆನ್ಲೇಗಳ ಮರ್ಮ. ಕುಗ್ಗಬೇಕಾದದ್ದು ಹೊರಗೇ ಕುಗ್ಗಿರುತ್ತದೆ. ಬಾಯಿಯೊಳಗೆ ಕುಗ್ಗಲು ಉಳಿಯುವುದು ಅಂಟಿನ ತೆಳುಪದರ ಮಾತ್ರ.

ಇವೆರಡಕ್ಕೂ ಇರುವ ವ್ಯತ್ಯಾಸ ಸರಳ. ದಿಬ್ಬಗಳ ನಡುವಿನ ಜಾಗದಲ್ಲಷ್ಟೇ ಕೂರುವುದು ಇನ್ಲೇ. ಒಂದು ಅಥವಾ ಹೆಚ್ಚು ದಿಬ್ಬಗಳನ್ನು ಮೇಲಿನಿಂದ ಹೊದೆಯುವುದು ಆನ್ಲೇ. ಆದರೆ ಯಾವ ಹಲ್ಲಿಗೆ ಯಾವುದು ಎಂಬ ತೀರ್ಮಾನ ಅಷ್ಟು ಸರಳವಲ್ಲ, ಮತ್ತು ತಪ್ಪುಗಳು ಆಗುವುದು ಇಲ್ಲಿಯೇ. ಸೌದೆ ಸೀಳುವವನು ಬಿರುಕಿಗೆ ಬೆಣೆ ಹೊಡೆಯುತ್ತಾನಲ್ಲ, ತೆಳುವಾದ ಎರಡು ಗೋಡೆಗಳ ನಡುವೆ ಕೂರಿಸಿದ ಇನ್ಲೇ ಅಗಿಯುವ ಹೊತ್ತಿನಲ್ಲಿ ಆ ಬೆಣೆಯಂತೆಯೇ ವರ್ತಿಸಬಹುದು. ಉಳಿದ ಗೋಡೆಯ ದಪ್ಪ ಸುಮಾರು 2 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ, ಗೋಡೆಯ ಬುಡದಲ್ಲಿ ಬಿರುಕು ಕಂಡರೆ, ಅಥವಾ ಹಲ್ಲಿಗೆ ರೂಟ್ ಕೆನಾಲ್ ಆಗಿ ಬದಿಯ ಏಣುಗಳೂ ಹೋಗಿದ್ದರೆ, ದಿಬ್ಬವನ್ನು ತಗ್ಗಿಸಿ ಆನ್ಲೇಯಿಂದ ಹೊದೆಸುವುದೇ ಕ್ಷೇಮ. ಹಾಗೆಂದು ತಕ್ಷಣ ಕ್ಯಾಪ್‌ಗೆ ನೆಗೆಯಬೇಕಿಲ್ಲ. ಪೂರ್ತಿ ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಅರೆಯಬೇಕಾಗುತ್ತದೆ; ಕಿರೀಟಭಾಗದ ಮುಕ್ಕಾಲು ಪಾಲಿನವರೆಗೂ ಅದಕ್ಕೆ ಆಹುತಿಯಾಗಬಹುದು, ಅದರಲ್ಲಿ ಆರೋಗ್ಯವಾಗಿದ್ದ ಭಾಗವೂ ಸೇರಿರುತ್ತದೆ. ಚಾವಣಿ ಸೋರಿತೆಂದು ನಾಲ್ಕು ಗೋಡೆಗಳನ್ನೂ ಕೆತ್ತುವ ಮೇಸ್ತ್ರಿಯನ್ನು ನಾವು ಒಪ್ಪುವುದಿಲ್ಲವಲ್ಲ!

ಈ ಚಿಕಿತ್ಸೆ ಹೊಸದೆಂದು ತಿಳಿಯಬಾರದು. ಮೇಣದ ಪ್ರತಿರೂಪ ಮಾಡಿ, ಅದನ್ನು ಕರಗಿಸಿ ಹರಿಯಬಿಟ್ಟು, ಉಳಿದ ಪೊಳ್ಳಿನಲ್ಲಿ ಲೋಹ ಎರೆಯುವ ವಿಗ್ರಹಶಿಲ್ಪಿಗಳ ಪುರಾತನ ವಿಧಾನವನ್ನು ಅಮೆರಿಕದ ದಂತವೈದ್ಯ ವಿಲಿಯಂ ಟ್ಯಾಗರ್ಟ್ ಅವರು 1907ರಲ್ಲಿ ಚಿನ್ನದ ಇನ್ಲೇಗೆ ಅಳವಡಿಸಿ ತೋರಿಸಿದರು. ಎರಕದ ಚಿನ್ನ ತಣಿಯುವಾಗ ತುಸು ಕುಗ್ಗುವುದರಿಂದ, ಅಷ್ಟೇ ಹಿಗ್ಗುವ ಅಚ್ಚಿನ ಮಣ್ಣನ್ನು ಕಂಡುಕೊಳ್ಳಲು ಮುಂದಿನವರು ವರ್ಷಗಟ್ಟಲೆ ದುಡಿದರು. ಹೊಳಪಿನ ಕಾರಣಕ್ಕೆ ಇಂದು ಚಿನ್ನವನ್ನು ಬೇಡವೆನ್ನುವವರೇ ಹೆಚ್ಚು. ಆದರೆ ಎದುರು ಹಲ್ಲನ್ನು ಸವೆಸದೆ ದಶಕಗಳ ಕಾಲ ಬಾಳುವ ವಿಷಯದಲ್ಲಿ ಅದನ್ನು ಕೀಳಾಗಿ ಕಾಣುವಂತಿಲ್ಲ.

ಪಿಂಗಾಣಿಯ ಕಾಲ ಬಂದದ್ದು ಅಂಟಿನ ಶಾಸ್ತ್ರ ಬೆಳೆದ ಮೇಲೆ. ಹಲ್ಲಿನ ಎನಾಮಲ್ಲನ್ನು ಫಾಸ್ಫಾರಿಕ್ ಆಮ್ಲದಿಂದ ಒರಟುಗೊಳಿಸಿದರೆ ರಾಳ ಅದಕ್ಕೆ ಕಚ್ಚಿಕೊಳ್ಳುತ್ತದೆಂದು ಮೈಕೆಲ್ ಬ್ಯುನೊಕೋರ್ ಅವರು 1955ರಲ್ಲಿ ತೋರಿಸಿದ್ದರು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮ್ಯೋರ್ಮನ್ ಅವರು, ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟಿನಿ ಅವರೊಂದಿಗೆ ರೂಪಿಸಿದ ಯಂತ್ರದಿಂದ, ಕುಳಿಯ ಚಿತ್ರ ತೆಗೆದು ಪಿಂಗಾಣಿಯ ಗಟ್ಟಿಯಿಂದ ಇನ್ಲೇ ಕಡೆದು ಅದೇ ಭೇಟಿಯಲ್ಲಿ ರೋಗಿಗೆ ಕೂರಿಸಿದರು.

ಯಂತ್ರ ಇಲ್ಲದೆಡೆ ಎರಡು ಭೇಟಿಗಳು ಬೇಕಾಗುತ್ತವೆ. ಮೊದಲ ದಿನ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಹುಳುಕನ್ನೂ ಹಳೆಯ ಫಿಲ್ಲಿಂಗನ್ನೂ ತೆಗೆದು, ಕುಳಿಯ ಗೋಡೆಗಳನ್ನು ಬಕೆಟ್ಟಿನಂತೆ ತಳ ಕಿರಿದಾಗಿ ಬಾಯಿ ತುಸು ಅಗಲವಾಗಿ ಇರುವಂತೆ ತಿದ್ದುತ್ತಾರೆ. ಹಾಗಿಲ್ಲದಿದ್ದರೆ ಗಟ್ಟಿಯಾದ ತುಣುಕು ಒಳಗಿಳಿಯುವುದೇ ಇಲ್ಲ. ಅಚ್ಚು ತೆಗೆದು, ತಾತ್ಕಾಲಿಕ ಫಿಲ್ಲಿಂಗ್ ಹಾಕಿ ಕಳುಹಿಸುತ್ತಾರೆ. ಅದು ಇರುವಷ್ಟು ದಿನ ಅಂಟುವ ತಿನಿಸುಗಳನ್ನು ಆ ಬದಿಯಲ್ಲಿ ಅಗಿಯಬಾರದು. ಎರಡನೆಯ ಭೇಟಿಯಲ್ಲಿ, ಜೊಲ್ಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ತುಣುಕನ್ನು ಅಂಟಿಸುತ್ತಾರೆ. ಒದ್ದೆಯಾದ ಹಲ್ಲಿಗೆ ಯಾವ ಅಂಟೂ ನೆಟ್ಟಗೆ ಹಿಡಿಯದ ಕಾರಣ, ಆ ರಬ್ಬರ್ ಹಾಳೆಯ ಕಿರಿಕಿರಿಯನ್ನು ರೋಗಿ ಸ್ವಲ್ಪ ಹೊತ್ತು ಸಹಿಸಿಕೊಳ್ಳಲೇಬೇಕು. ಅಂಟಿಸದ ಪಿಂಗಾಣಿಯನ್ನು ಕಚ್ಚಿ ನೋಡುವಂತೆಯೂ ಇಲ್ಲ. ಒಂಟಿಯಾಗಿರುವಾಗ ಅದು ಸುಲಭವಾಗಿ ಮುರಿಯಬಹುದು, ಬಲ ಬರುವುದು ಹಲ್ಲಿನೊಂದಿಗೆ ಒಂದಾದ ಮೇಲೆಯೇ.

ಎಲ್ಲರಿಗೂ ಇದು ಹೊಂದುವುದಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಪಿಂಗಾಣಿ ಬಿರಿಯುವ ಸಂಭವ ಹೆಚ್ಚು. ಅವರಿಗೆ ಲೋಹ, ಇಲ್ಲವೇ ರಾತ್ರಿ ಧರಿಸುವ ರಕ್ಷಾಫಲಕ ಬೇಕಾದೀತು. ಹುಳುಕು ವಸಡಿನ ಕೆಳಗೆ ಆಳಕ್ಕೆ ಇಳಿದಿದ್ದರೆ ಅಂಟಿಸುವ ಜಾಗವನ್ನು ಒಣಗಿಸಿಡುವುದು ಕಷ್ಟ.

ಅಂಟಿಸಿದ ಮೇಲೆ ಕೆಲವು ದಿನ ತಣ್ಣನೆಯದಕ್ಕೆ ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಆದರೆ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗಿದಂತೆ ಅನ್ನಿಸಿದರೆ ರೂಢಿಯಾದೀತೆಂದು ಕಾಯದೆ ಹೋಗಿ ತಿದ್ದಿಸಿಕೊಳ್ಳಬೇಕು. ದಿನವೂ ಸಂದಿಯಲ್ಲಿ ಫ್ಲಾಸ್ ದಾರ ಆಡಿಸುವವರು ಇನ್ನೊಂದನ್ನು ಗಮನಿಸಬಹುದು: ದಾರ ಒಂದೇ ಜಾಗದಲ್ಲಿ ಸಿಕ್ಕಿಕೊಂಡು ಎಳೆ ಬಿಡತೊಡಗಿದರೆ ಅಂಚಿನಲ್ಲಿ ಅಂಟು ಸವೆದಿರಬಹುದು, ಪಿಂಗಾಣಿಯ ಚೂರು ಎದ್ದಿರಬಹುದು. ನೋವು ಶುರುವಾಗುವ ಮೊದಲೇ ಸಿಗುವ ಈ ಸುಳಿವನ್ನು ವೈದ್ಯರಿಗೆ ತಿಳಿಸಿ. ನಮಸ್ಕಾರ.