ಪಾರ್ಟಿಜಾನ್: ಹುಡುಗರನ್ನು ಬೆಳೆಸಿದ ಬೆಲ್‌ಗ್ರೇಡಿನ ಕ್ಲಬ್

ಕೇಳುಗರಿಗೆ ನಮಸ್ಕಾರ.

ಯುರೋಪಿನ ಯಾವುದಾದರೂ ಒಂದು ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಹತ್ತು ನಿಮಿಷಗಳಲ್ಲಿ ಹೇಳಬೇಕೆಂದು ಬಾನುಲಿಯವರು ಕೇಳಿದ್ದಾರೆ. ಕಪ್ಪುಗಳ ಲೆಕ್ಕವನ್ನಷ್ಟೇ ನೋಡುವುದಾದರೆ ನಾನು ರಿಯಲ್ ಮ್ಯಾಡ್ರಿಡ್ ಬಗ್ಗೆ ಮಾತನಾಡಬೇಕಾಗಿತ್ತು. ಆದರೆ ನಾನು ಆರಿಸಿಕೊಂಡಿರುವುದು, ಯುರೋಪಿನ ಅಗ್ರ ಪ್ರಶಸ್ತಿಯನ್ನು ಒಂದೇ ಒಂದು ಬಾರಿ ಗೆದ್ದಿರುವ, ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬನ್ನು. ಸಂಜೆಯ ಹೊತ್ತು ಶಾಲಾ ಮೈದಾನಗಳಲ್ಲಿ ಮಕ್ಕಳ ಕೈಗೆ ಚೆಂಡು ಕೊಟ್ಟು ನಿಲ್ಲಿಸುವ ತರಬೇತುದಾರರೂ ಆ ಮಕ್ಕಳ ತಂದೆತಾಯಿಯರೂ ಈ ಭಾಷಣವನ್ನು ಕೇಳುತ್ತಿದ್ದಾರೆಂದು ಭಾವಿಸಿಯೇ ಈ ಆಯ್ಕೆಯನ್ನು ಮಾಡಿದ್ದೇನೆ. ನಾನು ಹೇಳಬೇಕಾದ ಮಾತು ಒಂದೇ. ಈ ಕ್ಲಬ್ಬು ದೊಡ್ಡದಾದದ್ದು ಹುಡುಗರನ್ನು ಬೆಳೆಸಿ, ಬೆಳೆಯುವ ಮೊದಲೇ ಅವರ ಕೈಗೆ ಪಂದ್ಯವನ್ನು ಕೊಟ್ಟದ್ದರಿಂದ.

ಎರಡನೆಯ ಮಹಾಯುದ್ಧ ಮುಗಿದ ಕೆಲವೇ ತಿಂಗಳಲ್ಲಿ, 1945ರ ಅಕ್ಟೋಬರಿನಲ್ಲಿ, ಯುಗೊಸ್ಲಾವಿಯದ ಸೇನೆಯು ಕಟ್ಟಿದ ಕ್ರೀಡಾ ಸಂಘದ ಒಂದು ವಿಭಾಗವಾಗಿ ಪಾರ್ಟಿಜಾನ್ ಹುಟ್ಟಿತು. ಸೇನೆಯ ಬೆಂಬಲವಿದ್ದರೂ ಮೊದಲ ಮೂವತ್ತು ವರ್ಷಗಳು ಬರಗಾಲದ ವರ್ಷಗಳೇ ಆಗಿದ್ದವು. ಅದೇ ಊರಿನ ಎದುರಾಳಿ ರೆಡ್ ಸ್ಟಾರ್ 1946ರಿಂದ 1955ರ ವರೆಗೆ ಸತತವಾಗಿ ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆಗುತ್ತಿದ್ದಾಗ ಪಾರ್ಟಿಜಾನ್ ಪಕ್ಕದಲ್ಲಿ ನಿಂತು ನೋಡುತ್ತಿತ್ತು. ಅದರ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1976ರಲ್ಲಿ. ಅದನ್ನು ತಂದುಕೊಟ್ಟವರು ಡ್ರಾಗನ್ ಕಿಚಾನೊವಿಚ್ ಮತ್ತು ಡ್ರಾಜೆನ್ ದಾಲಿಪಾಗಿಚ್ ಎಂಬ ಇಬ್ಬರು. ಇವರೇ ಮುಂದೆ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಕ್ಕೆ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. 1978ರಲ್ಲಿ, ಸರಾಯೆವೊದ ಬೋಸ್ನಾ ತಂಡವನ್ನು ಹೆಚ್ಚುವರಿ ಸಮಯದಲ್ಲಿ 117-110ರಿಂದ ಸೋಲಿಸಿ, ಪಾರ್ಟಿಜಾನ್ ಯುರೋಪಿನ ಮೂರನೆಯ ಸಾಲಿನ ಕೊರಾಚ್ ಕಪ್ಪನ್ನು ಗೆದ್ದಿತು. ಮರುವರ್ಷವೂ ಅದನ್ನು ಬಿಟ್ಟುಕೊಡಲಿಲ್ಲ.

ಎಂಬತ್ತರ ದಶಕದ ಕೊನೆಯ ತಂಡವನ್ನು ನೋಡಿದರೆ ಇಂದಿಗೂ ಹೊಟ್ಟೆಕಿಚ್ಚಾಗುತ್ತದೆ. ವ್ಲಾಡೆ ದಿವಾಟ್ಸ್, ಝಾರ್ಕೊ ಪಾಸ್ಪಾಲ್ಯ, ಅಲೆಕ್ಸಾಂಡರ್ ಜೋರ್ಜೆವಿಚ್, ಪ್ರೆಡ್ರಾಗ್ ಡ್ಯಾನಿಲೊವಿಚ್ ಎಲ್ಲರೂ ಒಂದೇ ಅಂಗಿ ತೊಟ್ಟಿದ್ದರು. ಇವರಿಗೆ ತರಬೇತಿ ಕೊಡುತ್ತಿದ್ದ ದುಶ್ಕೊ ವುಯೊಶೆವಿಚ್‌ಗೇ ಆಗ ಮೂವತ್ತು ತುಂಬಿರಲಿಲ್ಲ. 1989ರ ಕೊರಾಚ್ ಕಪ್ಪಿನ ಫೈನಲಿನ ಮೊದಲ ಪಂದ್ಯವನ್ನು ಇಟಲಿಯ ಕಾಂತುವಿನಲ್ಲಿ 13 ಅಂಕಗಳಿಂದ ಸೋತು ಬಂದ ಈ ತಂಡ, ಬೆಲ್‌ಗ್ರೇಡಿನ ಪಿಯೊನಿರ್ ಸಭಾಂಗಣದಲ್ಲಿ ಮರುಪಂದ್ಯವನ್ನು 19 ಅಂಕಗಳಿಂದ ಗೆದ್ದು ಕಪ್ಪನ್ನು ಎತ್ತಿತು. ಅದೇ ವರ್ಷ ದಿವಾಟ್ಸ್ ಅಮೆರಿಕದ ವೃತ್ತಿಪರ ಲೀಗಿನ ಲಾಸ್ ಏಂಜಲಿಸ್ ಲೇಕರ್ಸ್‌ಗೆ ಹೋದನು, ಪಾಸ್ಪಾಲ್ಯ ಸ್ಯಾನ್ ಆಂಟೋನಿಯೊಗೆ ಹೋದನು. ಬೇರೆ ಕ್ಲಬ್ಬಾಗಿದ್ದರೆ ಅವರ ಜಾಗಕ್ಕೆ ಹಣ ಕೊಟ್ಟು ಯಾರನ್ನಾದರೂ ತರುತ್ತಿತ್ತು. ಪಾರ್ಟಿಜಾನ್ ಉಳಿದ ಹುಡುಗರನ್ನು ಬೆಳೆಸಿತು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. 1991ರ ಬೇಸಿಗೆಯಲ್ಲಿ ಯುಗೊಸ್ಲಾವಿಯ ಒಡೆಯತೊಡಗಿತು. ಸ್ಲೊವೇನಿಯ, ಕ್ರೊಯೇಷಿಯಗಳಲ್ಲಿ ಗುಂಡಿನ ಸದ್ದು ಕೇಳಿಸುತ್ತಿತ್ತು. ಆ ಬೇಸಿಗೆಯಲ್ಲಿ ಝೆಲ್ಕೊ ಒಬ್ರಾಡೊವಿಚ್ ಎಂಬ ಮೂವತ್ತೊಂದು ವರ್ಷದ ಪಾರ್ಟಿಜಾನ್ ಆಟಗಾರನು ಆಟವನ್ನು ನಿಲ್ಲಿಸಿ ನೇರವಾಗಿ ಅದೇ ತಂಡದ ತರಬೇತುದಾರನಾದನು. ಒಂದು ದಿನದ ಅನುಭವವೂ ಇಲ್ಲದವನಿಗೆ ತಂಡವನ್ನು ಒಪ್ಪಿಸಿದ್ದು, ಕೇಳುಗರೇ, ಹುಚ್ಚುತನವಾಗಿರಲಿಲ್ಲ. ಯುಗೊಸ್ಲಾವ್ ಬ್ಯಾಸ್ಕೆಟ್‌ಬಾಲಿನಲ್ಲಿ ಎಲ್ಲರೂ ಪ್ರೊಫೆಸರ್ ಎಂದೇ ಕರೆಯುತ್ತಿದ್ದ, ಇಟಲಿಯ ವರೇಸೆ ತಂಡಕ್ಕೆ ಮೂರು ಬಾರಿ ಯುರೋಪಿನ ಅಗ್ರ ಪ್ರಶಸ್ತಿಯನ್ನು ಗೆದ್ದುಕೊಟ್ಟಿದ್ದ ಅಲೆಕ್ಸಾಂಡರ್ ನಿಕೊಲಿಚ್ ಆ ಹೊಸ ತರಬೇತುದಾರನ ಬೆನ್ನಿಗೆ ಸಲಹೆಗಾರರಾಗಿ ನಿಂತರು. ಬೆಳೆಯನ್ನು ಮಾರಿದರೂ ಬೀಜದ ಭತ್ತವನ್ನು ಮಾರದ ರೈತನ ಹಾಗೆ, ಈ ಕ್ಲಬ್ಬು ಆಟಗಾರರನ್ನು ಕಳೆದುಕೊಂಡಿತೇ ಹೊರತು ಕಲಿಸುವವರನ್ನು ಕಳೆದುಕೊಳ್ಳಲಿಲ್ಲ.

ಯುದ್ಧದ ಕಾರಣದಿಂದ ಯುಗೊಸ್ಲಾವಿಯದ ತಂಡಗಳು ಯುರೋಪಿನ ಪಂದ್ಯಾವಳಿಯಲ್ಲಿ ತಮ್ಮ ತವರಿನ ಪಂದ್ಯಗಳನ್ನು ದೇಶದ ಹೊರಗೆ ಆಡಬೇಕೆಂಬ ಆದೇಶ ಬಂದಿತು. ಪಾರ್ಟಿಜಾನ್‌ಗೆ ಆಸರೆ ಸಿಕ್ಕಿದ್ದು ಮ್ಯಾಡ್ರಿಡಿನ ದಕ್ಷಿಣದ ಹೊರವಲಯದಲ್ಲಿರುವ ಫುಯೆನ್‌ಲಾಬ್ರಾದಾ ಎಂಬ ದುಡಿಯುವ ಜನರ ಪಟ್ಟಣದಲ್ಲಿ, ಆಗಷ್ಟೇ ತೆರೆದಿದ್ದ ಫೆರ್ನಾಂಡೊ ಮಾರ್ಟಿನ್ ಕ್ರೀಡಾಂಗಣದಲ್ಲಿ. ಸರ್ಬಿಯಾದ ಭಾಷೆಯ ಒಂದು ಪದವೂ ತಿಳಿಯದ ಆ ಊರಿನ ಜನರು ಬರಬರುತ್ತಾ ಸಭಾಂಗಣವನ್ನು ತುಂಬತೊಡಗಿದರು. ತಂಡವನ್ನು ಫುಯೆನ್‌ಲಾಬ್ರಾದಾದ ಪಾರ್ಟಿಜಾನ್ ಎಂದೇ ಕರೆದರು. ಸ್ಪೇನಿನದೇ ಎಸ್ತುದಿಯಾಂತೆಸ್ ಎದುರಿಗೆ ಬಂದಾಗಲೂ ಈ ಪರದೇಶದ ಹುಡುಗರ ಪರವಾಗಿಯೇ ಕೂಗಿದರು. ಇಡೀ ಋತುವಿನಲ್ಲಿ ಬೆಲ್‌ಗ್ರೇಡಿನ ಸ್ವಂತ ಪ್ರೇಕ್ಷಕರ ಮುಂದೆ ಆಡಲು ದೊರೆತದ್ದು ಒಂದೇ ಒಂದು ಪಂದ್ಯ, ಬೊಲೊನ್ಯಾ ತಂಡದ ವಿರುದ್ಧದ ಕ್ವಾರ್ಟರ್ ಫೈನಲ್ ಸರಣಿಯಲ್ಲಿ. ಅದನ್ನು ಗೆದ್ದು, ನಿರ್ಣಾಯಕ ಪಂದ್ಯವನ್ನು ಇಟಲಿಗೆ ಹೋಗಿ ಗೆದ್ದು, ಸೆಮಿಫೈನಲಿನಲ್ಲಿ ಮಿಲಾನಿನ ಫಿಲಿಪ್ಸ್ ತಂಡವನ್ನು 82-75ರಿಂದ ಸೋಲಿಸಿದ ಪಾರ್ಟಿಜಾನ್, 1992ರ ಏಪ್ರಿಲ್ 16ರಂದು ಇಸ್ತಾಂಬುಲ್‌ನಲ್ಲಿ ಯುರೋಪಿನ ಅಗ್ರ ಪ್ರಶಸ್ತಿಯ ಫೈನಲ್ ಆಡಲು ನಿಂತಿತು.

ಎದುರಾಳಿ ಸ್ಪೇನಿನ ಬಾದಾಲೋನಾದ ಜೊವೆಂತುತ್. ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ತೊಮಾಸ್ ಜೊಫ್ರೆಸಾ ಹಾಕಿದ ಬುಟ್ಟಿಯಿಂದ ಜೊವೆಂತುತ್ 70-68ರಿಂದ ಮುಂದೆ ಹೋಯಿತು. ಪಾರ್ಟಿಜಾನ್ ತಕ್ಷಣವೇ ಚೆಂಡನ್ನು ಜೋರ್ಜೆವಿಚ್ ಕೈಗೆ ಕೊಟ್ಟಿತು. ಅವನು ಬಲಬದಿಯಲ್ಲಿ ಚೆಂಡನ್ನು ಪುಟಿಸುತ್ತಾ ಅಂಗಣದ ಆ ತುದಿಯವರೆಗೂ ಓಡಿ, ಓಟವನ್ನು ನಿಲ್ಲಿಸದೆಯೇ, ಮೈಮೇಲೆ ಬಂದ ರಕ್ಷಕನ ಕೈಯನ್ನು ಲೆಕ್ಕಿಸದೆ, ಮೂರು ಅಂಕಗಳ ಗೆರೆಯ ಹೊರಗಿನಿಂದ ಎಸೆದನು. ಚೆಂಡು ಬುಟ್ಟಿಯೊಳಗೆ ಬಿದ್ದಿತು. 71-70. ಉಳಿದ ಕ್ಷಣಗಳಲ್ಲಿ ಜೊವೆಂತುತ್ ಏನನ್ನೂ ಮಾಡಲಾಗಲಿಲ್ಲ.

ಇದನ್ನು ಅದೃಷ್ಟವೆನ್ನುವವರು ಇಂದಿಗೂ ಇದ್ದಾರೆ, ಮತ್ತು ಅವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಎಸೆದವನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಕೊನೆಯ ನಾಲ್ಕರ ಸುತ್ತಿನ ಶ್ರೇಷ್ಠ ಆಟಗಾರನೆನಿಸಿಕೊಂಡ ಡ್ಯಾನಿಲೊವಿಚ್‌ಗೆ ಇಪ್ಪತ್ತೆರಡು. ಎತ್ತರದ ಝೆಲ್ಕೊ ರೆಬ್ರಾಚಾಗೆ ಇಪ್ಪತ್ತು. ಇವರೆಲ್ಲರೂ ಮೀಸೆ ಮೂಡುವ ಮುನ್ನವೇ ದೊಡ್ಡ ಪಂದ್ಯಗಳ ಕೊನೆಯ ನಿಮಿಷವನ್ನು ಆಡಿದ್ದವರು. ಹದಿನೆಂಟರ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿ, ಅವನ ಜಾಗದಲ್ಲಿ ಮೂವತ್ತೈದರ ಹೊರಗಿನವನನ್ನು ಆಡಿಸುವ ತಂಡಕ್ಕೆ ಅಂಥ ಕೊನೆಯ ಎಸೆತ ದೊರೆಯುವುದಿಲ್ಲ. ದಯವಿಟ್ಟು ನಮ್ಮ ತರಬೇತುದಾರರು ಈ ಮಾತನ್ನು ಗಮನಿಸಬೇಕು.

ಗೆಲುವಿನ ಸಂಭ್ರಮಕ್ಕೆ ಆಯುಷ್ಯವಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ವಿಶ್ವಸಂಸ್ಥೆಯು ಯುಗೊಸ್ಲಾವಿಯದ ಮೇಲೆ ನಿರ್ಬಂಧಗಳನ್ನು ಹೇರಿತು. ಯುರೋಪಿನ ಚಾಂಪಿಯನ್ ತಂಡಕ್ಕೆ ಮರುವರ್ಷ ತನ್ನ ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಅಂಗಣಕ್ಕೆ ಇಳಿಯುವ ಅವಕಾಶವೇ ಇಲ್ಲವಾಯಿತು. ಜೋರ್ಜೆವಿಚ್ ಮಿಲಾನಿಗೆ, ಡ್ಯಾನಿಲೊವಿಚ್ ಬೊಲೊನ್ಯಾಕ್ಕೆ ಹೋದರು. ಒಬ್ರಾಡೊವಿಚ್ ಕೂಡ ಹೊರಟನು. ಸೋತಿದ್ದ ಅದೇ ಜೊವೆಂತುತ್ ಅವನನ್ನು ಕರೆಸಿಕೊಂಡು 1994ರಲ್ಲಿ ಯುರೋಪ್ ಚಾಂಪಿಯನ್ ಆಯಿತು. ಐದು ಬೇರೆ ಬೇರೆ ಕ್ಲಬ್ಬುಗಳಿಗೆ ಒಟ್ಟು ಒಂಬತ್ತು ಯುರೋಪ್ ಪ್ರಶಸ್ತಿಗಳನ್ನು ಅವನು ಗೆದ್ದುಕೊಟ್ಟನು. ಬೇರೆ ಯಾವ ತರಬೇತುದಾರನೂ ಆ ಸಂಖ್ಯೆಯನ್ನು ಮುಟ್ಟಿಲ್ಲ.

ಸಮಯ ಮೀರುತ್ತಿದೆಯೆಂದು ಗಾಜಿನ ಆಚೆಯಿಂದ ಸನ್ನೆ ಬಂದಿದೆ, ಆದ್ದರಿಂದ ಉಳಿದದ್ದನ್ನು ಬೇಗ ಮುಗಿಸುತ್ತೇನೆ. 2002ರಿಂದ 2014ರ ವರೆಗೆ ಪಾರ್ಟಿಜಾನ್ ಸತತ ಹದಿಮೂರು ಬಾರಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಅವಧಿಯ ಹೆಚ್ಚಿನ ಭಾಗದಲ್ಲಿ ಹಳೆಯ ವುಯೊಶೆವಿಚ್ ಮರಳಿ ಬಂದು ತಂಡವನ್ನು ನಡೆಸಿದನು, 1992ರ ಡ್ಯಾನಿಲೊವಿಚ್ ಕ್ಲಬ್ಬಿನ ಅಧ್ಯಕ್ಷನಾದನು. 2010ರಲ್ಲಿ ಇವರ ತಂಡ ಪ್ಯಾರಿಸಿನಲ್ಲಿ ನಡೆದ ಯುರೋಪಿನ ಕೊನೆಯ ನಾಲ್ಕರ ಸುತ್ತನ್ನು ತಲುಪಿ, ಗ್ರೀಸಿನ ಒಲಿಂಪಿಯಾಕೋಸ್‌ಗೆ ಹೆಚ್ಚುವರಿ ಸಮಯದಲ್ಲಿ ಸೋತಿತು. ಅದೇ ವರ್ಷ ಕ್ರೊಯೇಷಿಯದ ಜಾಗ್ರೆಬ್‌ನಲ್ಲಿ, ಮುಖ್ಯವಾಗಿ ಹಳೆಯ ಯುಗೊಸ್ಲಾವಿಯದ ನಾಡುಗಳ ಕ್ಲಬ್ಬುಗಳು ಆಡುವ ಏಡ್ರಿಯಾಟಿಕ್ ಲೀಗಿನ ಫೈನಲಿನಲ್ಲಿ, ಎದುರಾಳಿ ಸಿಬೊನಾದ ಅಭಿಮಾನಿಗಳು ಗೆದ್ದೆವೆಂದು ಕುಣಿಯುತ್ತಿರುವಾಗಲೇ ದುಶಾನ್ ಕೆಟ್ಸ್‌ಮಾನ್ ಅಂಗಣದ ಮಧ್ಯದಿಂದ ಎಸೆದು 75-74ರಿಂದ ಪಂದ್ಯವನ್ನು ಕಸಿದುಕೊಂಡನು. ಅದನ್ನು ವಿವರಿಸಲು ಇಂದು ವೇಳೆಯಿಲ್ಲ. ಈ ಕ್ಲಬ್ಬಿನಿಂದ ಯಾನ್ ವೆಸೆಲಿ ಅಮೆರಿಕಕ್ಕೆ ಹೋದನು, ಬೊಗ್ದಾನ್ ಬೊಗ್ದಾನೊವಿಚ್ ಇಸ್ತಾಂಬುಲಿಗೂ ಆಮೇಲೆ ಅಮೆರಿಕಕ್ಕೂ ಹೋದನು. ಇಬ್ಬರೂ ಪಾರ್ಟಿಜಾನ್ ಬೆಳೆಸಿದ ಹುಡುಗರೇ. 2016ರಲ್ಲಿ ಪಿಯೊನಿರ್ ಸಭಾಂಗಣಕ್ಕೆ ಅಲೆಕ್ಸಾಂಡರ್ ನಿಕೊಲಿಚ್ ಹೆಸರನ್ನಿಟ್ಟರು, ಮತ್ತು 2021ರಲ್ಲಿ ಒಬ್ರಾಡೊವಿಚ್ ಮೂವತ್ತು ವರ್ಷಗಳ ಹಿಂದೆ ತಾನು ಕೆಲಸ ಕಲಿತ ಕ್ಲಬ್ಬಿಗೆ ತರಬೇತುದಾರನಾಗಿ ಹಿಂದಿರುಗಿದನು. ನಮಸ್ಕಾರ.